ಅಮ್ಮನ ತಲೆಯಲ್ಲಿರುವುದು ಹಾಳೆಗೆ ಬರಲಿ: ಬೆಂಬಲ ಯೋಜನೆ ಮತ್ತು ತುರ್ತು ಸಹಾಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮನಿಗೆ ಈಗ 31 ವರ್ಷ. ಆಟಿಸಂ ಇದೆ, ಬೌದ್ಧಿಕ ಅಂಗವೈಕಲ್ಯ ಇದೆ, ಚಿಕ್ಕಂದಿನಿಂದ ಫಿಟ್ಸ್ ಇದೆ. ತುಮಕೂರಿನಲ್ಲಿ ಅಮ್ಮನ ಜೊತೆ ಇದ್ದಾನೆ, ನಾನು ಬೆಂಗಳೂರಿನಲ್ಲಿದ್ದೇನೆ. ನಮ್ಮ ಪೋಷಕರ ಗುಂಪಿನಲ್ಲಿ ಯಾರು ಸಿಕ್ಕರೂ ನಾನು ಮೊದಲು ಕೇಳುವುದು "ಹಾಳೆ ಬರೆದ್ರಾ?" ಅಂತ. ಆಮೇಲೆ ಅವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಬೆಂಬಲ ಯೋಜನೆ ಅಂದರೆ ಏನು? ದೊಡ್ಡ ಫೈಲಾ?

ಅಲ್ಲ. ನಮ್ಮ ಮನೆಯದು ಎರಡೇ ಹಾಳೆ. ಮೊದಲನೆಯದು ತಮ್ಮನ ದಿನದ ಹಾಳೆ. ಅವನಿಗೆ ಏನು ಇಷ್ಟ, ಯಾವ ಕೆಲಸ ತಾನೇ ಮಾಡಿಕೊಳ್ಳುತ್ತಾನೆ, ಯಾವುದಕ್ಕೆ ಕೈ ಹಿಡಿಯಬೇಕು, ಯಾವುದಕ್ಕೆ ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು, ಅದೆಲ್ಲ ಅದರಲ್ಲಿದೆ. ಎರಡನೆಯದು ತುರ್ತು ಹಾಳೆ. ಅರ್ಧರಾತ್ರಿಯಲ್ಲಿ ಅವನನ್ನು ಮೊದಲ ಸಲ ನೋಡುವವರಿಗೆ ಅಂತ ಬರೆದದ್ದು. ಇದರ ಜೊತೆ ದಾಖಲೆಗಳ ಒಂದು ಪ್ಲಾಸ್ಟಿಕ್ ಕವರ್ ಇದೆ. ಅಷ್ಟೇ.

ಇಬ್ಬರಿಗೆ ಆಟಿಸಂ ಇದೆ ಅಂದ ಮಾತ್ರಕ್ಕೆ ಇಬ್ಬರ ಹಾಳೆ ಒಂದೇ ಥರ ಇರುವುದಿಲ್ಲ. ಬೇರೆ ಮನೆಯ ಹುಡುಗನ ಹಾಳೆ ತಂದು ಹೆಸರು ಬದಲಾಯಿಸಿದರೆ ಅದು ಯೋಜನೆ ಅಲ್ಲ, ಜೆರಾಕ್ಸ್.

ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಯಾಕೆ ಬರೆಯಬೇಕು?

ಎಲ್ಲರಿಗೂ ಗೊತ್ತಿದೆ ಅಂತ ನಾವೂ ಅಂದುಕೊಂಡಿದ್ದೆವು. ಒಂದು ಬೆಳಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಂಬುಲೆನ್ಸ್ ಬಂತು, ನಾನು ಬೆಂಗಳೂರಿನಿಂದ ಓಡಿಬಂದು ಆಸ್ಪತ್ರೆಯಲ್ಲಿ ಕೂತೆ. ತಮ್ಮನನ್ನು ಪಕ್ಕದ ಮನೆ ಆಂಟಿ ನೋಡಿಕೊಂಡರು. ಪುಣ್ಯಾತ್ಮರು, ಒಂದು ಹೊತ್ತೂ ತಪ್ಪಿಸದೆ ಊಟ ಹಾಕಿದರು. ಆದರೆ ಡಬ್ಬಿಯಲ್ಲಿ ಫಿಟ್ಸ್ ಮಾತ್ರೆ ಎರಡು ಥರದ್ದು ಇತ್ತು. ಅವರು ಕೊಟ್ಟದ್ದು ಒಂದೇ ಥರದ್ದು. ಎರಡನೆಯದನ್ನು ಬಾಳೆಹಣ್ಣಿನ ಒಳಗೆ ಇಟ್ಟು ಕೊಡಬೇಕು ಅನ್ನುವುದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಅಮ್ಮ ಆಪರೇಷನ್ ಥಿಯೇಟರಿನಲ್ಲಿದ್ದರು.

ಅವನು ಎರಡು ದಿನದಿಂದ "ಬಸ್ ಹೋಯ್ತು, ಬಸ್ ಹೋಯ್ತು" ಅನ್ನುತ್ತಿದ್ದನಂತೆ. ಆಂಟಿ "ನಾಳೆ ಇನ್ನೊಂದು ಬಸ್ ಬರುತ್ತೆ ಬಿಡಪ್ಪ" ಅಂತ ಸಮಾಧಾನ ಮಾಡಿದ್ದಾರೆ. ನಮ್ಮ ಮನೆಯಲ್ಲಿ "ಬಸ್ ಹೋಯ್ತು" ಅಂದರೆ ಹೊಟ್ಟೆ ಸರಿ ಇಲ್ಲ ಅಂತ. ಚಿಕ್ಕವನಿದ್ದಾಗ ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಘಾಟಿಯಲ್ಲಿ ವಾಂತಿಗೆ ಅಂತ ಇಳಿಸಿದ್ದೆವು. ಹಿಂದಿನ ಗಾಡಿಗೆ ದಾರಿ ಬಿಡಲು ಬಸ್ಸು ನಾಲ್ಕು ಮಾರು ಮುಂದೆ ಹೋಯಿತು. ಆವತ್ತಿನಿಂದ ಹೊಟ್ಟೆಯಲ್ಲಿ ಏನೇ ಆದರೂ ಬಸ್ ಹೋಗುತ್ತದೆ. ಈಗ ಅವನಿಗೆ ಮೂರು ದಿನದಿಂದ ಕಕ್ಕಸು ಆಗಿರಲಿಲ್ಲ. ಮೂರನೇ ದಿನ ಸಂಜೆ ಫಿಟ್ಸ್ ಬಂತು.

ಆಂಟಿಯದು ಏನೂ ತಪ್ಪಿಲ್ಲ. ನಾವು ಅವರಿಗೆ ಮನೆ ಕೀ ಕೊಟ್ಟಿದ್ದೆವು, ತಮ್ಮನ ಭಾಷೆ ಕೊಟ್ಟಿರಲಿಲ್ಲ.

ಇದು ಯಾರಿಗೆಲ್ಲ ಬೇಕು?

ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವ ಯಾರಿಗೇ ಆಗಲಿ, ಮಗುವಾಗಲಿ ದೊಡ್ಡವರಾಗಲಿ. "ನಮ್ಮವಳು ಚೆನ್ನಾಗಿ ಮಾತಾಡ್ತಾಳೆ, ಅವಳಿಗೆ ಬೇಡ" ಅನ್ನುವವರಿದ್ದಾರೆ. ಗಾಬರಿಯಾದಾಗ ಮಾತು ನಿಂತುಹೋಗುವವರು ಬೇಕಾದಷ್ಟು ಜನ. ಬರೆದಿಡಿ.

ಶಾಲೆಯಲ್ಲಿ ಐಇಪಿ ಮಾಡಿದ್ದಾರೆ. ಅದು ಸಾಲದಾ?

ಐಇಪಿ ಅಂದರೆ ಒಂದೊಂದು ಮಗುವಿಗೂ ಶಾಲೆಯವರು ಬೇರೆಬೇರೆಯಾಗಿ ಮಾಡುವ ಕಲಿಕೆಯ ಯೋಜನೆ. ಈ ವರ್ಷ ಗುಂಡಿ ಹಾಕಿಕೊಳ್ಳುವುದು, ಮುಂದಿನ ವರ್ಷ ದುಡ್ಡು ಗುರುತಿಸುವುದು, ಹೀಗೆ ಇರುತ್ತದೆ. ಅದರಿಂದ ವಿಷಯ ತೆಗೆದುಕೊಳ್ಳಬಹುದು. ಆದರೆ ರಾತ್ರಿ ಎರಡು ಗಂಟೆಗೆ ಏನು ಮಾಡಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಶಾಲೆ ಮುಗಿದ ಮೇಲೆ ಐಇಪಿಯೂ ಮುಗಿಯುತ್ತದೆ.

ದಿನದ ಹಾಳೆಯಲ್ಲಿ ಏನೇನು ಬರೆಯಬೇಕು?

ಅಮೆರಿಕದ ಮೈಕೆಲ್ ಸ್ಮಲ್ ಇಂಥ ಬೆಂಬಲ ಯೋಜನೆ ಮಾಡುವ ಕೆಲಸದಲ್ಲಿ ಹೆಸರಾದವರು. ಅವರು ಎತ್ತಿ ತೋರಿಸಿದ ಒಂದು ವ್ಯತ್ಯಾಸ ನನಗೆ ತುಂಬ ಉಪಯೋಗಕ್ಕೆ ಬಂತು. ವ್ಯಕ್ತಿಗೆ ತನಗೆ ಮುಖ್ಯ ಅನಿಸುವುದು ಒಂದು, ಅವರ ಆರೋಗ್ಯಕ್ಕೆ, ಕ್ಷೇಮಕ್ಕೆ ಮುಖ್ಯವಾದದ್ದು ಇನ್ನೊಂದು. ನಾವು ಮನೆಯವರು ಎರಡನೆಯದನ್ನೇ ಪುಟಗಟ್ಟಲೆ ಬರೆಯುತ್ತೇವೆ. ಮಾತ್ರೆ, ಡಯಟ್, ಥೆರಪಿ. ಮೊದಲನೆಯದಕ್ಕೆ ಒಂದು ಸಾಲೂ ಇರುವುದಿಲ್ಲ.

ನಮ್ಮ ಹಾಳೆಯ ಮೊದಲ ಸಾಲೇ ಇದು: "ಬೆಳಗ್ಗೆ ಆರಕ್ಕೆ ಹಾಲಿನವನು ಬಂದಾಗ ಬಾಗಿಲು ತೆಗೆಯುವುದು ಅವನ ಕೆಲಸ. ಬೇರೆ ಯಾರೂ ತೆಗೆಯಬೇಡಿ." ನೋಡಿದವರಿಗೆ ತಮಾಷೆ ಅನಿಸಬಹುದು. ಬೇರೆಯವರು ಬಾಗಿಲು ತೆಗೆದ ದಿನ ಮಧ್ಯಾಹ್ನದವರೆಗೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಅಂಚು ತಗ್ಗಾದ ಸ್ಟೀಲ್ ತಟ್ಟೆಯಲ್ಲೇ ಊಟ. ಸಾರು ಅನ್ನಕ್ಕೆ ತಾಗಬಾರದು, ಬಟ್ಟಲಲ್ಲಿ ಬೇರೆ ಕೊಡಬೇಕು. ಕುಕ್ಕರ್ ಕೂಗುವ ಮುಂಚೆ ಹೇಳಬೇಕು.

ಆಮೇಲೆ ಮಾತಿನ ಪಟ್ಟಿ. ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಅವನು ಏನು ಅಂದರೆ ಅಥವಾ ಏನು ಮಾಡಿದರೆ ಅದರ ಅರ್ಥ ಏನು, ನಾವು ಏನು ಮಾಡಬೇಕು. "ಬಸ್ ಹೋಯ್ತು", ಹೊಟ್ಟೆ, ಕಕ್ಕಸು ಆಗಿದೆಯಾ ನೋಡಿ. ಎಡ ಕಿವಿ ಹಿಡಿದುಕೊಂಡರೆ ಸದ್ದು ಜಾಸ್ತಿ ಆಗಿದೆ, ಹೊರಗೆ ಕರೆದುಕೊಂಡು ಹೋಗಿ. ಅಂಗಿ ಕಾಲರ್ ಕಚ್ಚಿದರೆ ಭಯ. ನಮ್ಮದರಲ್ಲಿ ಇಂಥವು 14 ಇವೆ. ಬರೆಯುವವರೆಗೆ ಅಷ್ಟಿವೆ ಅಂತ ನನಗೇ ಗೊತ್ತಿರಲಿಲ್ಲ.

ಮಗನಿಗೆ ಮಾತೇ ಬರಲ್ಲ. ಅವನನ್ನು ಕೇಳುವುದು ಹೇಗೆ?

ನೋಡುವುದೂ ಕೇಳುವುದೇ. ಒಂದು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವಾಗ ನಕ್ಕ, ಯಾವಾಗ ಎದ್ದು ಹೋದ, ಯಾರ ಪಕ್ಕ ಕೂತ ಅಂತ ಬರೆಯಿರಿ. ಎರಡು ವಸ್ತು ಮುಂದಿಟ್ಟು ಆರಿಸಲು ಬಿಡಿ. ಚಿತ್ರದ ಕಾರ್ಡ್, ಫೋಟೋ, ಚಿತ್ರ ಮುಟ್ಟಿದರೆ ಮಾತಾಡುವ ಆವಾಜ್‌ನಂಥ ಆ್ಯಪ್ ಬಳಸಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇಂಥ ಸಂವಹನಕ್ಕೆ ತರಬೇತಿ ಕೊಡುತ್ತದೆ. 1965ರಿಂದ ಇರುವ ಸಂಸ್ಥೆ ಅದು.

ಒಂದು ಮಾತು. ಯೋಜನೆ ಬರೆಯುವಾಗ ಅವರನ್ನು ರೂಮಿನಿಂದ ಹೊರಗೆ ಕಳಿಸಬೇಡಿ. ಅರ್ಥವಾಗುತ್ತದೋ ಇಲ್ಲವೋ ಅಂತ ನೀವು ತೀರ್ಮಾನ ಮಾಡಬೇಡಿ. ಕೂತಿರಲಿ.

ತುರ್ತು ಹಾಳೆ ಹೇಗಿರಬೇಕು?

ಒಂದೇ ಪುಟ, ದೊಡ್ಡ ಅಕ್ಷರ, ಒಂದು ಕಡೆ ಕನ್ನಡ, ಹಿಂದೆ ಇಂಗ್ಲಿಷ್. ಇತ್ತೀಚಿನ ಫೋಟೋ. ಹೆಸರು, ಅವನನ್ನು ಕರೆಯುವ ಹೆಸರು, ವಯಸ್ಸು, ತೂಕ, ರಕ್ತದ ಗುಂಪು. ತೂಕ ಯಾಕೆಂದರೆ ಕೆಲವು ಔಷಧಿಯ ಪ್ರಮಾಣ ತೂಕದ ಮೇಲೆ ಹೋಗುತ್ತದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಹೇಗೆ ಕೊಡಬೇಕು. "ಬೆಳಗ್ಗೆ ಬಿಳಿ ಮಾತ್ರೆ" ಅಂತ ಬರೆಯಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಅಲರ್ಜಿ ಇದ್ದರೆ ಕೆಂಪು ಶಾಯಿಯಲ್ಲಿ. ಮೂವರ ಫೋನ್ ನಂಬರ್. ಆಮೇಲೆ "ಮುಟ್ಟುವ ಮುಂಚೆ ಹೇಳಿ", "ನೋವಾದರೆ ನಗುತ್ತಾನೆ" ಇಂಥ ಎರಡು ಮೂರು ಸಾಲು. ನೋವಾದಾಗ ನಗುವವರು ನಿಜಕ್ಕೂ ಇದ್ದಾರೆ. ಡಾಕ್ಟರಿಗೆ ಇದು ಗೊತ್ತಿಲ್ಲದಿದ್ದರೆ "ಹುಷಾರಾಗಿದ್ದಾನಲ್ಲ" ಅಂತ ಮನೆಗೆ ಕಳಿಸುತ್ತಾರೆ.

ಒಂದು ಪ್ರತಿ ಫ್ರಿಜ್ಜಿನ ಬಾಗಿಲಿಗೆ, ಒಂದು ಅವನ ಬ್ಯಾಗಿನಲ್ಲಿ, ಒಂದು ಪಕ್ಕದ ಮನೆಯಲ್ಲಿ. ಮೊಬೈಲ್‌ನಲ್ಲೂ ಇರಲಿ. ಆದರೆ ಬರೀ ಮೊಬೈಲ್‌ನಲ್ಲಿ ಬೇಡ. ಅಮ್ಮನ ಫೋನಿಗೆ ಲಾಕ್ ಇತ್ತು, ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ.

ಫಿಟ್ಸ್ ಬಂದರೆ ಏನು ಮಾಡಬೇಕು? ಕೈಗೆ ಕಬ್ಬಿಣ ಕೊಡಬೇಕಾ?

ಬೇಡ. ಕೀ ಗೊಂಚಲು ಬೇಡ, ಈರುಳ್ಳಿ ಬೇಡ, ಚಪ್ಪಲಿ ಮೂಸಿಸುವುದಂತೂ ಬೇಡವೇ ಬೇಡ. ಕಬ್ಬಿಣ ಕೊಟ್ಟ ಮೇಲೆ ನಿಂತಿತು ಅನಿಸುವುದು ಯಾಕೆಂದರೆ ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ.

ಮೊದಲು ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಕತ್ತಿನ ಗುಂಡಿ ಸಡಿಲಿಸಿ. ಒಂದು ಮಗ್ಗುಲಿಗೆ ತಿರುಗಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು, ಮಾತ್ರೆ ಯಾವುದನ್ನೂ ಹಾಕಬೇಡಿ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮುಂಚೆ ಇನ್ನೊಂದು ಬಂದರೆ, ಉಸಿರಾಟ ಸರಿ ಇಲ್ಲದಿದ್ದರೆ, ಪೆಟ್ಟಾಗಿದ್ದರೆ, ನೀರಲ್ಲಿ ಬಂದಿದ್ದರೆ ಅಥವಾ ಇದೇ ಮೊದಲ ಸಲವಾಗಿದ್ದರೆ 108 ಆಂಬುಲೆನ್ಸ್‌ಗೆ ಫೋನ್ ಮಾಡಿ.

ಕೆಲವರಿಗೆ ಡಾಕ್ಟರ್ ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿರುತ್ತಾರೆ. ಎಷ್ಟು ನಿಮಿಷಕ್ಕೆ, ಎಷ್ಟು ಸಲ ಅಂತ ಅವರಿಂದಲೇ ಬರೆಸಿಕೊಂಡು ಹಾಳೆಗೆ ಅಂಟಿಸಿ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಆದ್ದರಿಂದ ಕಡೇಪಕ್ಷ ಎರಡು ವಾರದ ಮಾತ್ರೆ ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರಲಿ. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಮನೆಗಳು ಈ ಪಾಠ ಕಲಿತವು.

ಮನೆಯಿಂದ ಹೊರಗೆ ಹೋಗಿ ತಪ್ಪಿಸಿಕೊಂಡರೆ?

ಮೊದಲು ನೀರಿನ ಕಡೆ ಓಡಿ. ಬಾವಿ, ಕೆರೆ, ನೀರಿನ ಸಂಪು, ಅಪಾರ್ಟ್‌ಮೆಂಟಿನ ಈಜುಕೊಳ, ಕಟ್ಟಡ ಕೆಲಸದ ಜಾಗದಲ್ಲಿ ನೀರು ನಿಂತ ಗುಂಡಿ. ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ನೀರು ಅಂದರೆ ಸೆಳೆತ. ಇಬ್ಬರು ನೀರಿನ ಕಡೆ ಹೋಗಲಿ, ಒಬ್ಬರು ರಸ್ತೆ ಕಡೆ, ಒಬ್ಬರು ಮನೆಯಲ್ಲೇ ಇರಲಿ. ಮನೆಯಲ್ಲಿ ಉಳಿದವರು ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಲಿ.

"24 ಗಂಟೆ ಕಾಯಿರಿ, ಬರ್ತಾನೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಗೆ ಕಾಯಬೇಕು ಅನ್ನುವ ನಿಯಮ ಇಲ್ಲ. ಮಕ್ಕಳು ಕಾಣೆಯಾದರೆ ಎಫ್‌ಐಆರ್ ದಾಖಲಿಸಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ. ಇವತ್ತು ಹಾಕಿದ ಬಟ್ಟೆಯ ಬಣ್ಣ ಹೇಳಲು ನಮಗೆ ಆ ಗಾಬರಿಯಲ್ಲಿ ಆಗುವುದಿಲ್ಲ. ಹಾಗಾಗಿ ಜಾತ್ರೆಗೆ, ಮದುವೆಗೆ ಹೋಗುವ ದಿನ ಹೊರಡುವಾಗಲೇ ಒಂದು ಫೋಟೋ ತೆಗೆದುಕೊಳ್ಳಿ. ಹೆಸರು ಕೂಗಿದರೆ ಓಗೊಡುವುದಿಲ್ಲ ಅಂತ ಹುಡುಕುವವರಿಗೆ ಹೇಳಿ. ನನ್ನ ತಮ್ಮ ಹೆಸರಿಗೆ ತಿರುಗುವುದಿಲ್ಲ, ಐಸ್‌ಕ್ರೀಮ್ ಗಾಡಿಯ ಗಂಟೆಗೆ ತಿರುಗುತ್ತಾನೆ. ನಮ್ಮ ಹಾಳೆಯಲ್ಲಿ ಅದನ್ನೂ ಬರೆದಿದ್ದೇವೆ.

ಬಳೆ, ಲಾಕೆಟ್‌ಗಿಂತ ಅಂಗಿಯ ಒಳಗೆ ಹೊಲಿದ ಫೋನ್ ನಂಬರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಳೆಯನ್ನು ಕಿತ್ತು ಬಿಸಾಡುತ್ತಾರೆ.

ತುಂಬ ಕೆರಳಿ ತನಗೇ ಹೊಡೆದುಕೊಳ್ಳುತ್ತಾಳೆ. ಯಾರಿಗೆ ಫೋನ್ ಮಾಡಲಿ?

ಆ ಕ್ಷಣದಲ್ಲಿ ಮಾತು ಕಡಿಮೆ ಮಾಡಿ. ಟಿವಿ ಆರಿಸಿ, ಜನರನ್ನು ಹೊರಗೆ ಕಳಿಸಿ, ದೀಪ ಮಂದ ಮಾಡಿ. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೆ ನಡುವೆ ದಿಂಬು ಹಿಡಿಯಿರಿ. ಬೈಯಬೇಡಿ, ಪಾಠ ಹೇಳಬೇಡಿ. ಯಾವತ್ತೂ ಇಲ್ಲದ್ದು ದಿಢೀರ್ ಅಂತ ಶುರುವಾಗಿದ್ದರೆ ಮೊದಲ ಅನುಮಾನ ನೋವಿನ ಮೇಲೆ ಇರಲಿ. ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಸೋಂಕು, ಮುಟ್ಟಿನ ನೋವು. ಇದನ್ನೆಲ್ಲ ಪರೀಕ್ಷೆ ಮಾಡದೆ "ಹಠ ಜಾಸ್ತಿಯಾಗಿದೆ" ಅಂತ ನಿದ್ದೆ ಬರಿಸುವ ಮಾತ್ರೆ ಕೊಟ್ಟು ಕಳಿಸಿದ್ದನ್ನು ನಾನೇ ಒಂದು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಕೊನೆಗೆ ದವಡೆ ಹಲ್ಲು ಹುಳುಕಾಗಿತ್ತು.

ಮಾತಾಡಿ ಸಲಹೆ ಪಡೆಯಲು ಟೆಲಿ ಮಾನಸ್ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ನೋಡಿಕೊಳ್ಳುವ ನಿಮಗೇ ಸಾಕಾಗಿಹೋಗಿದೆ ಅನಿಸಿದರೂ ಮಾಡಬಹುದು. ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ 108 ಅಥವಾ 112. ಬೆಂಗಳೂರಿನಲ್ಲಿ 112ಕ್ಕೆ ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ. ಫೋನ್‌ನಲ್ಲೇ ಹೇಳಿಬಿಡಿ: "ಆಟಿಸಂ ಇರುವ ಹುಡುಗಿ, ಕೈಯಲ್ಲಿ ಆಯುಧ ಇಲ್ಲ, ದಯವಿಟ್ಟು ಸೈರನ್ ಆರಿಸಿ ಬನ್ನಿ, ಒಬ್ಬರೇ ಒಳಗೆ ಬನ್ನಿ."

ಆಸ್ಪತ್ರೆಗೆ ಸೇರಿಸುವಾಗ ಏನು ನೆನಪಿಡಬೇಕು?

ಪರಿಚಯದವರು ಒಬ್ಬರು ಸದಾ ಜೊತೆ ಇರಲು ಬಿಡಿ ಅಂತ ಕೇಳಿ, ಐಸಿಯುನಲ್ಲೂ ಕೇಳಿ. ಕಾಯುವ ಜಾಗದಲ್ಲಿ ಗದ್ದಲ ಜಾಸ್ತಿ ಇದ್ದರೆ ಹೊರಗೆ ಗಾಡಿಯಲ್ಲಿ ಕೂತಿರುತ್ತೇವೆ, ಸರದಿ ಬಂದಾಗ ಕರೆಯಿರಿ ಅನ್ನಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕೀಲು ಸಡಿಲ ಇರುತ್ತದೆ. ಅರಿವಳಿಕೆ ಕೊಡುವ ಡಾಕ್ಟರಿಗೆ ಮುಂಚೆಯೇ ಹೇಳಬೇಕು, ಹೃದಯದ ಆಪರೇಷನ್ ಆಗಿದ್ದರೆ ಅದನ್ನೂ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಮಲಗಿಸಿಕೊಂಡು ಊಟ ಮಾಡಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು. ಎಷ್ಟು ನೇರ ಕೂರಿಸಬೇಕು, ಗಂಜಿ ಎಷ್ಟು ಗಟ್ಟಿ ಇರಬೇಕು ಅಂತ ಹಾಳೆಯಲ್ಲಿ ಬರೆದು ಮಂಚಕ್ಕೆ ಅಂಟಿಸಿ. ನರ್ಸ್‌ಗಳ ಪಾಳಿ ಬದಲಾಗುತ್ತಿರುತ್ತದೆ, ನೀವು ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪಿರುವುದಿಲ್ಲ.

ಮಳೆ, ಪ್ರವಾಹ, ಬೆಂಕಿ ಅಂದರೆ?

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಊರೂರೇ ಮುಳುಗಿದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಟ್ರ್ಯಾಕ್ಟರ್, ದೋಣಿಯಲ್ಲಿ ಜನರನ್ನು ಹೊರಗೆ ತಂದರು. ಜೋರು ಸದ್ದಿಗೇ ನಡುಗುವವರನ್ನು ಟ್ರ್ಯಾಕ್ಟರ್ ಹತ್ತಿಸುವುದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ಕಿವಿ ಮುಚ್ಚುವ ಹೆಡ್‌ಫೋನ್, ಇಷ್ಟದ ಬೆಡ್‌ಶೀಟ್, ಮಾತ್ರೆ, ಒಣ ತಿಂಡಿ, ಪವರ್ ಬ್ಯಾಂಕ್, ದಾಖಲೆ ಕವರ್, ಡಯಾಪರ್ ಬೇಕಿದ್ದರೆ ಅದು, ಎಲ್ಲ ಒಂದು ಬ್ಯಾಗಿನಲ್ಲಿ ಇರಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಳ್ಳಬೇಕು. ನಿಮ್ಮವರ ಹೆಸರು ಆ ಪಟ್ಟಿಯಲ್ಲಿದೆಯಾ ಅಂತ ಡಿಸಿ ಆಫೀಸಿಗೆ ಒಂದು ಅರ್ಜಿ ಬರೆದು ಕೇಳಿ. ಕೇಳಿದರೆ ತಾನೇ ಪಟ್ಟಿ ಶುರುವಾಗುವುದು.

ಸಣ್ಣದೊಂದು ಅಭ್ಯಾಸ ಮಾಡಿ. ತಿಂಗಳಿಗೊಮ್ಮೆ, ಮಳೆ ಇಲ್ಲದ ದಿನ, "ಬ್ಯಾಗ್ ತಗೋ, ಹೊರಗೆ ಹೋಗೋಣ" ಅಂತ ಗೇಟಿನವರೆಗೆ ಹೋಗಿ ಬರುವುದು. ನಾವು ಆಮೇಲೆ ಮೂಲೆಯ ಬೇಕರಿಯಲ್ಲಿ ಒಂದು ದಿಲ್‌ಪಸಂದ್ ತಿನ್ನುತ್ತೇವೆ. ಈಗ ಅವನೇ ಬ್ಯಾಗ್ ತಂದು ಬಾಗಿಲಲ್ಲಿ ನಿಲ್ಲುತ್ತಾನೆ.

ನನಗೇ ಏನಾದರೂ ಆದರೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕೇಳುವಾಗ ಸ್ವರ ಸಣ್ಣಗಾಗುತ್ತದೆ. ನಾವು "ನಮ್ಮ ಕಾಲಾನಂತರ" ಅಂತ 30 ವರ್ಷ ಆಚೆಯದನ್ನು ಯೋಚಿಸುತ್ತಾ ಕೂರುತ್ತೇವೆ, ನಾಳೆ ಬೆಳಗ್ಗೆಯದನ್ನು ಬಿಟ್ಟುಬಿಡುತ್ತೇವೆ. ಮೊದಲ ನಾಲ್ಕು ಗಂಟೆ ಯಾರು ಬರುತ್ತಾರೆ? ಮೊದಲ ಮೂರು ದಿನ ಯಾರು? ಮೊದಲ ತಿಂಗಳು ಯಾರು? ಈ ಮೂರಕ್ಕೂ ಒಬ್ಬರೇ ಆಗಬೇಕಿಲ್ಲ. ನಮ್ಮಲ್ಲಿ ಮೊದಲನೆಯದಕ್ಕೆ ಪಕ್ಕದ ಮನೆ ಆಂಟಿ, ಎರಡನೆಯದಕ್ಕೆ ಗುಬ್ಬಿಯಲ್ಲಿರುವ ಚಿಕ್ಕಮ್ಮ, ಮೂರನೆಯದಕ್ಕೆ ನಾನು. ಅವರನ್ನು ಕೇಳಿ, ಒಪ್ಪಿಸಿ, ಆಮೇಲೆ ಬರೆಯಿರಿ. "ಅವರು ಬರದೆ ಇರ್ತಾರಾ" ಅಂತ ಅಂದುಕೊಂಡು ಬರೆದ ಹೆಸರು ಉಪಯೋಗಕ್ಕಿಲ್ಲ.

ಆ ಹೆಸರಿನವರು ವರ್ಷಕ್ಕೆ ಒಂದೆರಡು ಸಲ ನಿಜವಾಗಿ ಒಂದು ರಾತ್ರಿ ಇರಬೇಕು. ಚಿಕ್ಕಮ್ಮ ಮೊದಲ ಸಲ ಬಂದಾಗ ನಾವು ಬೇಕೆಂದೇ ಮನೆ ಬಿಟ್ಟು ಹೋದೆವು. ಹಾಳೆ ಓದಿ ಎಲ್ಲ ಮಾಡಿದರು. ಕುಕ್ಕರ್ ವಿಷಯ ಮಾತ್ರ ಮರೆತರು. ಎರಡನೇ ಸಲ ಮರೆಯಲಿಲ್ಲ.

18 ತುಂಬಿತು. ಗಾರ್ಡಿಯನ್‌ಶಿಪ್ ಮಾಡಿಸಲೇಬೇಕಾ?

18 ಆದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕು, ಆಸ್ತಿ, ಆಪರೇಷನ್ ಸಹಿ ಅಂತ ಬಂದಾಗ ಇದು ತಿಳಿಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸಿ ಅಂತ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಸಮಿತಿಯಲ್ಲಿ ಡಿಸಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೇ ಆದ ಒಬ್ಬರು ಇರುತ್ತಾರೆ. ಕೋರ್ಟಿಗೆ ಅಲೆಯಬೇಕಿಲ್ಲ. ಪೋಷಕರಾಗಿ ನೇಮಕವಾದವರು ಆರು ತಿಂಗಳಲ್ಲಿ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ ತೆಗೆದುಹಾಕುವ ದಾರಿಯೂ ಇದೆ.

2016ರ ಕಾಯ್ದೆ ಬೇರೆ ಥರ ಯೋಚಿಸುತ್ತದೆ. ಅದರಲ್ಲಿ ಸೀಮಿತ ಪೋಷಕತ್ವ ಅನ್ನುವುದಿದೆ. ಅಂದರೆ ಒಂದು ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಕಾಲಕ್ಕೆ, ಆ ವ್ಯಕ್ತಿಯ ಜೊತೆ ಮಾತಾಡಿಕೊಂಡು ತೀರ್ಮಾನ. ಮನಸ್ಸಿಗೆ ಒಪ್ಪುವುದು ಇದು. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಆಗಬೇಕಲ್ಲ, ನಾವು ನ್ಯಾಷನಲ್ ಟ್ರಸ್ಟ್ ಪತ್ರವನ್ನೇ ಮಾಡಿಸಿದೆವು. ಪತ್ರ ಇದೆ ಅಂತ ಅವನ ಎಲ್ಲ ತೀರ್ಮಾನವನ್ನೂ ನಾವೇ ಮಾಡಬೇಕಿಲ್ಲ. ಯಾವ ಬಣ್ಣದ ಅಂಗಿ ಅನ್ನುವುದರಿಂದ ಹಿಡಿದು ಯಾರ ಮನೆಯಲ್ಲಿ ರಾತ್ರಿ ಇರಬೇಕು ಅನ್ನುವವರೆಗೆ ಅವನನ್ನೇ ಕೇಳುತ್ತೇವೆ.

ಯಾವ ದಾಖಲೆಗಳು ಮೊದಲು ಬೇಕು?

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ, ಪಿಂಚಣಿ, ಬಸ್ ಪಾಸ್, ಆದಾಯ ತೆರಿಗೆಯ ವಿನಾಯಿತಿ ಎಲ್ಲ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಎರಡನೆಯದು ನಿರಾಮಯ ಆರೋಗ್ಯ ವಿಮೆ. ನ್ಯಾಷನಲ್ ಟ್ರಸ್ಟ್‌ನದು, ಮೇಲೆ ಹೇಳಿದ ನಾಲ್ಕು ವೈಕಲ್ಯಗಳಿಗೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆ ಇಲ್ಲ, ಒಪಿಡಿ ಮತ್ತು ಥೆರಪಿ ಖರ್ಚಿಗೂ ಸಿಗುತ್ತದೆ. ಪ್ರತಿ ವರ್ಷ ನವೀಕರಿಸಬೇಕು, ಇಲ್ಲಿಯೇ ಎಲ್ಲರೂ ಎಡವುವುದು. ನಾನೂ ಒಂದು ವರ್ಷ ಮರೆತೆ. ಆ ವರ್ಷವೇ ಬಿಲ್ ಜಾಸ್ತಿ ಬಂತು, ಹಾಗೇ ಅಲ್ವಾ ಆಗುವುದು.

ಹಳ್ಳಿಯಲ್ಲಿದ್ದೇವೆ. ಇಲ್ಲಿ ಯಾರನ್ನು ಕೇಳುವುದು?

ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜಿಲ್ಲೆಯಲ್ಲಿ ಅಂಗವಿಕಲರ ಕಲ್ಯಾಣಾಧಿಕಾರಿ. ವಿಆರ್‌ಡಬ್ಲ್ಯೂಗಳಲ್ಲಿ ಬಹಳ ಜನ ಸ್ವತಃ ಅಂಗವಿಕಲರು, ಸಣ್ಣ ಗೌರವಧನದಲ್ಲಿ ದುಡಿಯುವವರು. ಕಾರ್ಡ್, ಪಿಂಚಣಿ ಅರ್ಜಿ ಅವರಿಗೆ ಕರತಲಾಮಲಕ. ಆಶಾ ಕಾರ್ಯಕರ್ತೆಗೆ ನಿಮ್ಮ ತುರ್ತು ಹಾಳೆಯ ಒಂದು ಪ್ರತಿ ಕೊಡಿ. ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಇರುವ ಎಪಿಡಿ ಸಂಸ್ಥೆ 1959ರಿಂದ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಕೆಲಸ ಮಾಡುತ್ತಿವೆ. ಪೋಷಕರ ಸಂಘಗಳೂ ಇವೆ. ದೂರ ಅನಿಸಿದರೂ ಒಮ್ಮೆ ಹೋಗಿಬನ್ನಿ.

ಇಷ್ಟೆಲ್ಲ ವಿವರ ಬೇರೆಯವರ ಕೈಗೆ ಕೊಟ್ಟರೆ ದುರುಪಯೋಗ ಆಗಲ್ವಾ?

ಆಗಬಹುದು. ಅದಕ್ಕೇ ಎಲ್ಲರಿಗೂ ಎಲ್ಲವನ್ನೂ ಕೊಡಬೇಡಿ. ಆಟೋದವರಿಗೆ ಹೆಸರು, ಫೋನ್, "ಫಿಟ್ಸ್ ಬಂದರೆ ಹೀಗೆ ಮಾಡಿ" ಸಾಕು. ಬ್ಯಾಂಕು, ಆಸ್ತಿ, ಆಧಾರ್ ನಂಬರ್ ಯಾವ ಹಾಳೆಯಲ್ಲೂ ಬೇಡ. ಸ್ನಾನ, ಶೌಚಕ್ಕೆ ಯಾರು ಸಹಾಯ ಮಾಡಬಹುದು ಅಂತ ಹೆಸರು ಹಾಕಿ ಬರೆಯಿರಿ. ಬೇರೆ ಯಾರೂ ಮಾಡುವಂತಿಲ್ಲ ಅಂತಲೂ ಬರೆಯಿರಿ.

ಯಾರಾದರೂ ಹೊಡೆದರೆ, ಕಿರುಕುಳ ಕೊಟ್ಟರೆ ಪೊಲೀಸರಿಗೆ ದೂರು ಕೊಡಬಹುದು. 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್‌ಗೂ ಕೊಡಬಹುದು, ನಮ್ಮಲ್ಲಿ ಅಂದರೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ (ಎಸಿ). 92ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ. ಆಗ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ನೆರವು ಕೇಳಬಹುದು. ನಿಮ್ಮ ಮಾತಿನ ಪಟ್ಟಿ ಅಲ್ಲಿಯೂ ಬೇಕಾಗುತ್ತದೆ.

ನಾನು ವಿದೇಶದಲ್ಲಿದ್ದೇನೆ. ಅಣ್ಣ ಊರಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾನೆ.

ಭಾನುವಾರದ ವಿಡಿಯೋ ಕಾಲ್‌ನಲ್ಲಿ "ಹೇಗಿದ್ದೀರಾ" ಅನ್ನುವ ಬದಲು ಹಾಳೆಯ ಒಂದೊಂದೇ ಸಾಲು ಕೇಳಿ ಬರೆದುಕೊಳ್ಳಿ. ಅಪ್ಪ ಅಮ್ಮಂದಿರು ಕೂತು ಬರೆಯುವುದಿಲ್ಲ, ಮಾತಾಡಿಸಿದರೆ ಎಲ್ಲ ಹೇಳುತ್ತಾರೆ. ಟೈಪ್ ಮಾಡುವುದು, ಪ್ರಿಂಟ್ ಹಾಕಿಸಿ ಕಳಿಸುವುದು, ನಿರಾಮಯ ನವೀಕರಣದ ತಾರೀಖು ನೆನಪಿಡುವುದು ಎಲ್ಲವೂ ದೂರದಿಂದ ಆಗುವ ಕೆಲಸ. ಅಣ್ಣನ ಪಕ್ಕ ಕೂರುವುದು ಆಗುವುದಿಲ್ಲ. ಅದಕ್ಕೆ ಊರಿನಲ್ಲೇ ಒಬ್ಬರನ್ನು ಹುಡುಕಿ, ಅವರಿಗೆ ಸರಿಯಾದ ಸಂಬಳ ಕೊಡಿ.

ಹಾಳೆಯನ್ನು ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?

ಮಾತ್ರೆ ಬದಲಾದ ದಿನವೇ ತುರ್ತು ಹಾಳೆ ಬದಲಾಗಬೇಕು. ಹಳೆಯ ಪ್ರತಿಗಳನ್ನು ವಾಪಸ್ ತಂದು ಹರಿದುಹಾಕಿ, ಇಲ್ಲದಿದ್ದರೆ ಹಳೆಯ ಡೋಸ್ ಎಲ್ಲೋ ಒಂದು ಫ್ರಿಜ್ಜಿನ ಮೇಲೆ ಉಳಿದಿರುತ್ತದೆ. ದಿನದ ಹಾಳೆಯನ್ನು ನಾವು ವರ್ಷಕ್ಕೆರಡು ಸಲ, ಯುಗಾದಿಗೆ ಮತ್ತು ದೀಪಾವಳಿಯ ಹಿಂದಿನ ವಾರ ನೋಡುತ್ತೇವೆ. ದೀಪಾವಳಿ ಯಾಕೆ ಅಂತ ಪಟಾಕಿ ಸದ್ದು ತಾಳದವರು ಇರುವ ಮನೆಯವರಿಗೆ ಗೊತ್ತು.

ಹೋದ ಸಲ ಚಿಕ್ಕಮ್ಮ ಗಟ್ಟಿಯಾಗಿ ಓದುತ್ತಿದ್ದರು. "ಮಾತ್ರೆ ಬಾಳೆಹಣ್ಣಿನ ಒಳಗೆ ಇಟ್ಟು ಕೊಡಬೇಕು" ಅಂತ ಬಂದಾಗ ತಮ್ಮ ಎದ್ದು ಬಂದು ಪೆನ್ನು ಕಿತ್ತುಕೊಂಡ. ಆ ಸಾಲಿನ ಮೇಲೆ ದಪ್ಪ ಗೀಟು ಎಳೆದ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು, ಮಾತ್ರೆ ನುಂಗಿ, ಖಾಲಿ ಬಾಯಿ ತೆರೆದು ಅಮ್ಮನಿಗೆ ತೋರಿಸಿದ. ಎಷ್ಟು ದಿನದಿಂದ ಹಾಗೆ ನುಂಗುತ್ತಿದ್ದನೋ ದೇವರಿಗೇ ಗೊತ್ತು. ಆ ಗೀಟು ಎಳೆದ ಪ್ರತಿಯನ್ನೇ ಜೆರಾಕ್ಸ್ ಮಾಡಿಸಿ ಆಂಟಿಗೆ ಕೊಟ್ಟಿದ್ದೇವೆ.